ತೋಳಗಣ್ಣು

ಅಜ್ಜಂಪುರ
18 ಜೂನ್ 2024

ಡಾ. ಪ್ರಜ್ಞಾ ಅವರಿಗೆ,

ಮಾನ್ಯರೇ,

ನಿನ್ನೆ ಬೆಳಿಗ್ಗೆ ಬೀರೂರು ರಸ್ತೆಯಲ್ಲಿ ಲಾರಿಗೆ ಸಿಕ್ಕು ಸತ್ತ ನರಿಯೊಂದರ ಎರಡು ಕಣ್ಣುಗಳನ್ನು ಅರಣ್ಯ ಇಲಾಖೆಯವರ ಎದುರಿನಲ್ಲೇ ತೆಗೆದು, ಫಾರ್ಮಲಿನ್ ತುಂಬಿದ ಬಾಟಲಿಗಳಲ್ಲಿಟ್ಟು ತಮ್ಮ ಪ್ರಯೋಗಾಲಯಕ್ಕೆ ಕಳುಹಿಸಿದ್ದೇನೆ. ಊಳಿಡುವ ದೊಡ್ಡ ಗುಳ್ಳೆನರಿಯಲ್ಲ, ಬಯಲಿನಲ್ಲಿ ಬಿಲ ತೋಡುವ ಚಿಕ್ಕ ಜಾತಿ. ಗಂಡು. ಅನುಮತಿಯ ನಕಲು ಜೊತೆಗಿದೆ.

ಸರ್ಕಾರಿ ಭಾಗ ಇಲ್ಲಿಗೆ ಮುಗಿಯಿತು. ಮಾದರಿಯ ಜೊತೆ ಕೈಬರಹದ ವಿವರ ಕಡ್ಡಾಯ ಎಂದು ನಿಮ್ಮ ಸಂಸ್ಥೆಯೇ ನಿಯಮ ಮಾಡಿದೆ. ಹಾಗಾಗಿ ಹೆಂಡತಿ ನನ್ನ ನಂಬರ್ ಬ್ಲಾಕ್ ಮಾಡಿದರೂ ಈ ತಾಲ್ಲೂಕಿನ ಪಶುವೈದ್ಯ ಅವಳಿಗೆ ಪತ್ರ ಬರೆಯಬಹುದು. ಬೆಳಗಾಗೆದ್ದು ನರಿ ಮುಖ ನೋಡಿದರೆ ಒಳ್ಳೆಯದಾಗುತ್ತದೆ ಅನ್ನುತ್ತಾರೆ. ನಾನು ನೋಡಿದ್ದು ಸತ್ತ ನರಿಯ ಮುಖ. ಅದಕ್ಕೆ ಎಷ್ಟು ಒಳ್ಳೆಯದಾಗಬೇಕೋ ಅಷ್ಟೇ ಆಗಿದೆ.

ಅಮ್ಮು ಚೆನ್ನಾಗಿದ್ದಾಳೆ.

ಕಾಂತರಾಜು


ಹೈದರಾಬಾದ್
2 ಜುಲೈ 2024

ಡಾ. ಕಾಂತರಾಜು ಅವರಿಗೆ,

ಮಾದರಿ ತಲುಪಿತು. ಆದರೆ ಯಾವುದು ಎಡಗಣ್ಣು, ಯಾವುದು ಬಲಗಣ್ಣು ಎಂದು ಬಾಟಲಿಯ ಮೇಲೆ ಬರೆದಿಲ್ಲ. ಎರಡೂ ಕಣ್ಣು ಒಂದೇ ಎಂದುಕೊಂಡರೆ ನನ್ನ ಅರ್ಧ ಕೆಲಸ ವ್ಯರ್ಥ. ದಯವಿಟ್ಟು ಇನ್ನು ಮುಂದೆ ಯಾವ ಕಣ್ಣು ಎಂದು ಬರೆಯಲು ಮರೆಯಬೇಡಿ.

ನರಿಯ ಪಾಪೆ ಬೆಕ್ಕಿನದರ ಹಾಗೆ ಉದ್ದಕ್ಕೆ ಸೀಳಿದಂತಿದೆ. ಹುಲ್ಲಿನಲ್ಲಿ ಅಡಗಿ ಇಲಿ ಹಿಡಿಯುವ ಪ್ರಾಣಿಗೆ ಅದು ಅನುಕೂಲ. ತೋಳದ್ದು ದುಂಡು ಪಾಪೆ. ಕಡೂರು ಕಡೆ ತೋಳ ಯಾವುದಾದರೂ ಸತ್ತು ಸಿಕ್ಕರೆ ಅದರ ಕಣ್ಣು ನನಗೆ ಬೇಕೇಬೇಕು. ನನ್ನ ಪ್ರಬಂಧ ನಿಂತಿರುವುದೇ ಅದರ ಮೇಲೆ.

ಅಮ್ಮು ಚೆನ್ನಾಗಿದ್ದಾಳೆ ಎಂಬ ಎರಡು ಪದದಲ್ಲಿ ನಾಲ್ಕು ವರ್ಷದ ಮಗಳು ಮುಗಿದುಹೋದಳೇ? ಹಾಸ್ಟೆಲಿನಲ್ಲಿ ಮಗುವಿಗೆ ಜಾಗವಿಲ್ಲ, ಮನೆ ಸಿಗುವವರೆಗೆ ನೀವು ಇಟ್ಟುಕೊಳ್ಳಿ ಎಂದೆ. ಈಗ ಮನೆ ಸಿಕ್ಕಿದೆ, ನೀವು ಕಳಿಸುತ್ತಿಲ್ಲ. ವಿಡಿಯೋದಲ್ಲಿ ನನ್ನನ್ನು ನೋಡಿದರೆ ಆಮೇಲೆ ಅಳುತ್ತಾಳೆ ಎಂದು ಅದನ್ನೂ ನಿಲ್ಲಿಸಿದಿರಿ. ನಂಬರ್ ಬ್ಲಾಕ್ ಆದದ್ದು ಅದಾದ ಮೇಲೆ. ದಸರೆಗಾದರೂ ಹತ್ತು ದಿನ ಕಳಿಸಿ. ಬೇಡುತ್ತಿದ್ದೇನೆ ಎಂದೇ ತಿಳಿದುಕೊಳ್ಳಿ.

ಪ್ರಜ್ಞಾ


ಅಜ್ಜಂಪುರ
9 ಸೆಪ್ಟೆಂಬರ್ 2024

ಪ್ರಜ್ಞಾ,

ನಿನ್ನ ತೋಳ ಸಿಕ್ಕಿತು. ಎಮ್ಮೆದೊಡ್ಡಿಯ ಹುಲ್ಲುಗಾವಲಿನ ಅಂಚಿನಲ್ಲಿ ಬಿದ್ದಿತ್ತು, ಹೆಣ್ಣು. ಹೊಟ್ಟೆಯಲ್ಲಿ ವಿಷದ ಗುರುತಿತ್ತು. ಕಡೂರಿನ ಡಾಕ್ಟರು ರಜೆಯಲ್ಲಿದ್ದರಿಂದ ನನ್ನನ್ನೇ ಕರೆದರು. ಯಗಟಿ ಕಡೆಯ ಕುರಿಗಾಹಿಯೊಬ್ಬ ದೂರ ನಿಂತು ನೋಡುತ್ತಿದ್ದ. "ನಾವ್ ಹಾಕಿಲ್ಲ ಸ್ವಾಮಿ, ಅದು ನಮ್ ಮರಿ ಹೊತ್ಕೊಂಡೋಗಿದ್ದು ಮಾತ್ರ ನಿಜ" ಅಂದ. ಕೇಳುವ ಮೊದಲೇ ಹೇಳಿದ. ಬಾಟಲಿಗಳ ಮೇಲೆ ಎಡ, ಬಲ ಎರಡನ್ನೂ ದಪ್ಪಕ್ಷರದಲ್ಲಿ ಬರೆದಿದ್ದೇನೆ, ಬೈಯಬೇಡ.

ಸತ್ತ ಮೇಲೂ ಆ ಕಣ್ಣಿನ ಬಣ್ಣ ಹೋಗಿರಲಿಲ್ಲ. ಜೇನಿನ ಬಣ್ಣ. ಬಾಟಲಿಯನ್ನು ಮನೆಯಲ್ಲಿ ಇಟ್ಟದ್ದು ನನ್ನ ತಪ್ಪು. ಅವ್ವ ನೋಡಿಬಿಟ್ಟಳು. "ಅಯ್ಯೋ, ನಿನ್ ಹೆಂಡ್ತೀನೇ ಬಾಟ್ಲೀಲಿ ಕುಂತು ನೋಡ್ದಂಗಾಯ್ತಲ್ಲೋ" ಅಂದಳು. ನಿನ್ನನ್ನು ತೋಳಗಣ್ಣಿನವಳು ಎಂದು ಅವಳು ಕರೆಯುವುದು ಹೊಸದಲ್ಲವಲ್ಲ. ಈಗ ಮೊಮ್ಮಗಳಿಗೂ ಅದನ್ನೇ ಹಚ್ಚಿದ್ದಾಳೆ. ಮೊನ್ನೆ ಕರೆಂಟು ಹೋದಾಗ ಟಾರ್ಚಿನ ಬೆಳಕಿನಲ್ಲಿ ಅಮ್ಮುವಿನ ಕಣ್ಣು ಹೊಳೆಯಿತಂತೆ. "ತಾಯಿ ತೋಳಗಣ್ಣು ಮಗೀಗೂ ಬಂತು ಕಣೋ" ಅಂತ ಊರಿಗೆಲ್ಲ ಸಾರುತ್ತಿದ್ದಾಳೆ. ವಯಸ್ಸಾದವಳು, ಬಾಯಿ ಮುಚ್ಚಿಸಲು ನನ್ನಿಂದಾಗುವುದಿಲ್ಲ. ನಿನಗೆ ಹೇಳಬೇಕೆನಿಸಿತು, ಹೇಳಿದೆ.

ಕಾಂತರಾಜು


ಹೈದರಾಬಾದ್
21 ಸೆಪ್ಟೆಂಬರ್ 2024

ಡಾ. ಕಾಂತರಾಜು,

ಹೇಳಬೇಕೆನಿಸಿತು, ಹೇಳಿದಿರಿ. ಚುಚ್ಚಬೇಕೆನಿಸಿತು ಎಂದು ಬರೆದಿದ್ದರೆ ಅದೇ ಸರಿಯಾಗುತ್ತಿತ್ತು. ನಿಮ್ಮ ತಾಯಿಯ ಬಾಯಿ ಮುಚ್ಚಿಸಲು ನಿಮಗೆ ಆಗುವುದಿಲ್ಲ, ಆದರೆ ಅವರ ಮಾತನ್ನು ಕವರಿಗೆ ಹಾಕಿ ಅಂಚೆಚೀಟಿ ಅಂಟಿಸಿ ಕಳಿಸಲು ಆಗುತ್ತದೆ.

ಕಾಲೇಜಿನಲ್ಲಿ ಇಬ್ಬರೂ ಒಂದೇ ಪಾಠ ಓದಿದ್ದೇವೆ. ಮರೆತಿದ್ದರೆ ನೆನಪಿಸುತ್ತೇನೆ, ನಿಮ್ಮ ತಾಯಿಗೂ ಓದಿ ಹೇಳಿ. ತೋಳ, ನರಿ, ನಾಯಿ, ಇವುಗಳ ರೆಟಿನಾದ ಹಿಂದೆ ಟೇಪೀಟಮ್ ಎಂಬ ಕೋಶಗಳ ಪದರವಿದೆ. ಇಟ್ಟಿಗೆ ಜೋಡಿಸಿದ ಹಾಗೆ ಒಂದರ ಮೇಲೊಂದು ಚಪ್ಪಟೆ ಕೋಶಗಳು. ಒಳಗೆ ಬಂದ ಬೆಳಕನ್ನು ಅವು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತವೆ, ಅದಕ್ಕೇ ಕತ್ತಲಲ್ಲಿ ಕಣ್ಣು ಹೊಳೆಯುತ್ತದೆ. ನೀವು ಕಳಿಸಿದ ತೋಳದ ಕಣ್ಣನ್ನು ತೆಳುವಾಗಿ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನಿನ್ನೆಯಷ್ಟೇ ಆ ಪದರ ನೋಡಿದೆ. ಅಷ್ಟು ಚೆಂದದ್ದು ನಾನು ನೋಡಿಲ್ಲ. ಮನುಷ್ಯರಿಗೆ ಆ ಪದರವೇ ಇಲ್ಲ. ಮನುಷ್ಯರ ಕಣ್ಣು ಕತ್ತಲಲ್ಲಿ ಹೊಳೆಯುವುದಿಲ್ಲ. ಅಂದಮೇಲೆ ನನ್ನ ಮಗಳ ಕಣ್ಣು ಹೊಳೆಯಿತು ಎನ್ನುವುದು ಶುದ್ಧ ಸುಳ್ಳು. ನನ್ನ ಮೇಲಿನ ಹೊಟ್ಟೆಕಿಚ್ಚಿಗೆ ಹುಟ್ಟಿದ ಸುಳ್ಳು.

ಇನ್ನೊಂದು ಮಾತು. ತೋಳದ ಕಣ್ಣು ತಿಳಿಬಣ್ಣದ್ದಾದ್ದರಿಂದ ನಡುವಿನ ಕಪ್ಪು ಪಾಪೆ ಎದ್ದು ಕಾಣುತ್ತದೆ. ಅದು ಎಲ್ಲಿ ನೋಡುತ್ತಿದೆ ಎಂದು ಜೊತೆಯ ತೋಳಗಳಿಗೆ ಗೊತ್ತಾಗಲಿ ಎಂದೇ ಹಾಗಿದೆ ಎನ್ನುವ ವಿಜ್ಞಾನಿಗಳಿದ್ದಾರೆ. ಅದು ಮುಚ್ಚಿಟ್ಟು ನೋಡುವ ಪ್ರಾಣಿಯಲ್ಲ. ನಿಮ್ಮ ಮನೆಯಲ್ಲಿ ಮೂರು ವರ್ಷ ಇದ್ದೆ. ಯಾರು ಎಲ್ಲಿ ನೋಡುತ್ತಿದ್ದೀರಿ ಎಂದು ನನಗೆ ಒಂದು ದಿನವೂ ಗೊತ್ತಾಗಲಿಲ್ಲ. ನನ್ನದು ತೋಳಗಣ್ಣಾದರೆ ಅದು ಬೈಗುಳವಲ್ಲ.

ದಸರೆಯ ವಿಷಯಕ್ಕೆ ಉತ್ತರ ಬರೆಯಿರಿ.

ಪ್ರಜ್ಞಾ


ಅಜ್ಜಂಪುರ
30 ಸೆಪ್ಟೆಂಬರ್ 2024

ಪ್ರಜ್ಞಾ,

ನಿನ್ನ ಪಾಠ ಓದಿದೆ. ಅವ್ವನಿಗೆ ಓದಿ ಹೇಳಲಿಲ್ಲ, ಆದರೆ ಇನ್ನು ಮೇಲೆ ಮಗುವಿನ ಕಣ್ಣಿನ ಸುದ್ದಿ ಎತ್ತಿದರೆ ಊಟ ಬಿಡುತ್ತೇನೆ ಎಂದೆ. ಸುಮ್ಮನಾಗಿದ್ದಾಳೆ. ನಿನಗೆ ಬೇಕಾದದ್ದು ಇದೇ ತಾನೆ?

ದಸರೆಗೆ ಕಳಿಸುವುದಿಲ್ಲ. ಹತ್ತು ದಿನಕ್ಕೆಂದು ಹೋದವಳು ಹಿಂತಿರುಗಿ ಬರುತ್ತಾಳೆಂದು ನನಗೆ ನಂಬಿಕೆಯಿಲ್ಲ. ನಂಬಿಕೆ ಯಾಕಿಲ್ಲ ಎಂದು ನೀನು ಕೇಳಬೇಡ, ಆರು ತಿಂಗಳಿಗೆಂದು ಹೋದವಳು ನೀನೇ.

ಬದಲಿಗೆ ಹುಟ್ಟುಹಬ್ಬದ ಫೋಟೋ ಕಳಿಸುತ್ತಿದ್ದೇನೆ. ಸ್ಟುಡಿಯೋ ರುದ್ರಮೂರ್ತಿ ಮನೆಗೇ ಬಂದು ಸಂಜೆ ಫ್ಲಾಶ್ ಹಾಕಿ ತೆಗೆದದ್ದು. ನೀನೇ ನೋಡು, ಸುಖವಾಗಿದ್ದಾಳೋ ಇಲ್ಲವೋ. ತುಂಟತನ ಜಾಸ್ತಿಯಾಗಿದೆ. ಈಚೆಗೆ ಹೊಸ ಆಟ ಕಲಿತಿದ್ದಾಳೆ, ಒಂದು ಕಣ್ಣಿಗೆ ಕೈ ಮುಚ್ಚಿಕೊಂಡು ಮನೆಯೆಲ್ಲ ಓಡಾಡುವುದು. ನಾನು ಟಾರ್ಚ್ ಹಿಡಿದರಂತೂ ಕಿರುಚಿಕೊಂಡು ಮಂಚದ ಕೆಳಗೆ ನುಗ್ಗುತ್ತಾಳೆ. ಹಾಗೆ ಓಡಾಡಿ ಬಾಗಿಲ ಚೌಕಟ್ಟಿಗೆ ಎರಡು ಸಲ ಹಣೆ ಬಡಿಸಿಕೊಂಡಿದ್ದಾಳೆ. ಈ ಕೋತಿಬುದ್ಧಿ ನಿನ್ನ ಕಡೆಯದು, ನಮ್ಮ ವಂಶದಲ್ಲಿಲ್ಲ.

ಕಾಂತರಾಜು


ಹೈದರಾಬಾದ್
11 ಅಕ್ಟೋಬರ್ 2024

ಡಾ. ಕಾಂತರಾಜು,

ಫೋಟೋ ಬಂತು. ಮಗಳು ನನ್ನನ್ನು ನೋಡುತ್ತಿದ್ದಾಳೋ ಕ್ಯಾಮೆರಾವನ್ನೋ ತಿಳಿಯದೆ ಬಹಳ ಹೊತ್ತು ಹಿಡಿದುಕೊಂಡೇ ಕೂತಿದ್ದೆ. ಕೆನ್ನೆ ತುಂಬಿದೆ. ಕೂದಲಿಗೆ ಯಾರು ಎಣ್ಣೆ ಹಚ್ಚುತ್ತಾರೋ, ಚೆನ್ನಾಗಿ ಹಚ್ಚುತ್ತಾರೆ. ಇದನ್ನು ಬರೆಯಲು ನನಗೆ ಇಷ್ಟವಿರಲಿಲ್ಲ.

ಕಣ್ಣುಗಳನ್ನೂ ನೋಡಿದೆ, ಬೇಕೆಂದೇ ಭೂತಕನ್ನಡಿ ಹಿಡಿದು ನೋಡಿದೆ. ಎರಡೂ ಕಪ್ಪಗೆ, ಒಂದೇ ಸಮ. ಫ್ಲಾಶಿನಲ್ಲಿ ತೆಗೆದ ಫೋಟೋದಲ್ಲೂ ಹೊಳಪಿಲ್ಲ. ನಿಮ್ಮ ತಾಯಿಗೆ ಇದನ್ನು ತೋರಿಸಿ, ಸುಳ್ಳು ಸಾಬೀತಾಯಿತು ಎಂದು ಹೇಳಿ.

ಇನ್ನು ನಿಮ್ಮೊಡನೆ ಕಾಗದದಲ್ಲೂ ಬೇಡಿಕೊಳ್ಳುವುದಿಲ್ಲ. ತರೀಕೆರೆಯಲ್ಲಿ ನಮ್ಮಪ್ಪ ವಕೀಲರನ್ನು ಕಂಡಿದ್ದಾರೆ. ಮಾದರಿಗಳು ಸಿಕ್ಕರೆ ಬೇರೆ ಡಾಕ್ಟರ ಕೈಯಲ್ಲಿ ಕಳುಹಿಸಿ.

ಪ್ರಜ್ಞಾ


ಅಜ್ಜಂಪುರ
6 ಫೆಬ್ರವರಿ 2025

ಪ್ರಜ್ಞಾ,

ಈ ಪತ್ರದ ಜೊತೆ ಬಾಟಲಿ ಇಲ್ಲ. ಕೂತು ಓದು.

ಹೊಸ ವರ್ಷ ಕಳೆದ ಮೇಲೆ ಎಲ್‌ಕೆಜಿಗೆ ಸೇರಿಸಲು ಚಿಕ್ಕ ಫೋಟೋ ಬೇಕಿತ್ತು. ರುದ್ರಮೂರ್ತಿಯ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅಮ್ಮು ಕಣ್ಣಿನಿಂದ ಕೈ ತೆಗೆಯಲೊಲ್ಲಳು. ಅವನು ನಕ್ಕು ಹೇಳಿದ: "ಬಿಡಿ ಸಾ, ಹೆಂಗ್ ಬಂದ್ರೂ ಕಂಪ್ಯೂಟ್ರಲ್ಲಿ ಸರಿ ಮಾಡ್ತೀನಿ. ಬರ್ತ್‌ಡೇ ಫೋಟೋದಾಗೂ ಪಾಪಂದು ಒಂದು ಕಣ್ಣು ಕೆಂಪಗೆ, ಒಂದು ಬೆಳ್ಳಗೆ ಬಲ್ಬ್ ಹಾಕ್ದಂಗೆ ಬಂದಿತ್ತು. ಎರಡ್ನೂ ಕರ್ರಗೆ ಮಾಡಿ ಕೊಟ್ಟೆ. ನಿಮ್ಗೆ ಗೊತ್ತೇ ಆಗ್ಲಿಲ್ಲ ನೋಡಿ!"

ಅವನದು ತಪ್ಪಿಲ್ಲ. ಫ್ಲಾಶಿಗೆ ಕೆಂಪಗೆ ಬರುವ ಎಲ್ಲರ ಕಣ್ಣನ್ನೂ ಹಾಗೇ ಸರಿ ಮಾಡುತ್ತಾನೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಹೆಮ್ಮೆಯಲ್ಲಿ ಮೊದಲಿನ ಫೋಟೋ ತೆಗೆದು ತೋರಿಸಿದ. ಒಂದು ಕಣ್ಣು ಬೆಳ್ಳಗಿತ್ತು, ಪ್ರಜ್ಞಾ. ನನಗೆ ಆಗ ನೆನಪಾದದ್ದು ನಿನ್ನ ಪತ್ರ. ಮನುಷ್ಯರ ಕಣ್ಣು ಕತ್ತಲಲ್ಲಿ ಹೊಳೆಯುವುದಿಲ್ಲ. ಜಗಳದಲ್ಲಿ ಗೆಲ್ಲಲು ನೀನು ಬರೆದದ್ದು, ಸೋತೆ ಎಂದು ನಾನು ಮಡಚಿಟ್ಟದ್ದು. ಹೊಳೆಯಬಾರದ ಕಣ್ಣು ಹೊಳೆದರೆ ಏನರ್ಥ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಮಾರನೆಯ ದಿನವೇ ಬೆಂಗಳೂರಿಗೆ ಹೋದೆವು. ರೆಟಿನಾದ ಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್ ಗೆಡ್ಡೆ. ಕಣ್ಣು ತುಂಬಿಕೊಂಡಿತ್ತು. ಬೆಳಕು ಬಿಟ್ಟರೆ ಆ ಬಿಳಿ ಗೆಡ್ಡೆಗೇ ತಾಗಿ ಹಿಂದಕ್ಕೆ ಬರುತ್ತಿತ್ತು, ಹೊಳಪು ಅದರದ್ದು. ಯಾವಾಗಿನಿಂದ ಹೀಗಿದೆ ಎಂದು ಡಾಕ್ಟರಮ್ಮ ಕೇಳಿದರು. ಸೆಪ್ಟೆಂಬರ್ ಎಂದೆ. "ಆಗಲೇ ಬಂದಿದ್ದರೆ ಕಣ್ಣು ಉಳಿಸಲು ನೋಡಬಹುದಿತ್ತು" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಾವ ಕಣ್ಣು ಎಂದು ಬರೆಯಲು ಮರೆಯಬೇಡಿ ಎಂದಿದ್ದೆ ನೀನು. ಎಡಗಣ್ಣು. ಜನವರಿ ಹದಿನಾರಕ್ಕೆ ತೆಗೆದರು. ರೋಗ ನರಕ್ಕೆ ಹರಡಿಲ್ಲ, ಜೀವಕ್ಕೆ ಅಪಾಯವಿಲ್ಲ, ಬಲಗಣ್ಣು ಚೆನ್ನಾಗಿದೆ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ನಿಮ್ಮ ಸಂಸ್ಥೆಯ ನಂಬರ್ ನನ್ನ ಹತ್ತಿರ ಇತ್ತು. ಹೇಳಬಾರದು ಎಂದೇ ಹೇಳಲಿಲ್ಲ. ವಕೀಲರ ನೋಟಿಸು ಬಂದ ವಾರದಲ್ಲೇ ಇದೆಲ್ಲ ಆಯಿತು. ಈ ಸುದ್ದಿ ಸಿಕ್ಕರೆ ಮಗು ನಿನ್ನ ಪಾಲಾಗುತ್ತದೆ ಎಂದು ಹೆದರಿದೆ. ದಿನಾ ದನದ ಕಣ್ಣಿಗೆ ಟಾರ್ಚ್ ಬಿಟ್ಟು ನೋಡುವವನು ಮಗಳ ಕಣ್ಣು ನೋಡಲಿಲ್ಲ ಎಂದು ನ್ಯಾಯಾಧೀಶರ ಮುಂದೆ ನೀನು ಹೇಳುವುದು ನನಗೆ ಕೇಳಿಸುತ್ತಿತ್ತು.

ಕಾಂತರಾಜು


ತರೀಕೆರೆ
24 ಫೆಬ್ರವರಿ 2025

ಕಾಂತು,

ನಿನ್ನ ಮನೆಯಿಂದ ನೇರ ತವರಿಗೆ ಬಂದೆ. ಹೈದರಾಬಾದಿಗೆ ರಜೆ ಬರೆದಿದ್ದೇನೆ. ಅಜ್ಜಂಪುರಕ್ಕೂ ತರೀಕೆರೆಗೂ ನಡುವೆ ಒಂದು ಬಸ್ಸಿನಷ್ಟು ದೂರ, ಆದರೂ ಬರೆಯುತ್ತಿದ್ದೇನೆ. ಎದುರಿಗೆ ನಿಂತರೆ ನಾನು ಕಿರುಚುತ್ತೇನೆ, ನೀನು ಗೋಡೆ ನೋಡುತ್ತೀಯ. ಮೊನ್ನೆಯೂ ಅದೇ ಆಯಿತು.

ನಿನ್ನನ್ನು ಕ್ಷಮಿಸುವುದಿಲ್ಲ. ಮಗಳ ಕಣ್ಣು ತೆಗೆಯುವಾಗ ತಾಯಿ ಅಲ್ಲಿ ಇರಬಾರದು ಎಂದು ನಿರ್ಧರಿಸಲು ನೀನು ಯಾರು? ಆ ದಿನ ನಾನು ಏನು ಮಾಡುತ್ತಿದ್ದೆ ಗೊತ್ತಾ? ನಿನ್ನ ತೋಳದ ಕಣ್ಣಿನ ಮೇಲೆ ಪ್ರಬಂಧ ಓದುತ್ತಿದ್ದೆ. ಪರದೆಯ ಮೇಲೆ ಆ ಪದರ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು.

ಬೆಂಗಳೂರಿನ ಆಸ್ಪತ್ರೆಯವರನ್ನು ಕೇಳಿಕೊಂಡು ಅಮ್ಮುವಿನ ಕಣ್ಣಿನ ಸ್ಲೈಡ್ ನೋಡಿಬಂದೆ. ಅಪ್ಪ ಬೇಡವೆಂದರು. ನನಗೆ ನೋಡಲೇಬೇಕಿತ್ತು. ಚಿಕ್ಕ ಚಿಕ್ಕ ಕಡುನೀಲಿ ಕೋಶಗಳು, ಅಲ್ಲಲ್ಲಿ ಹೂವಿನ ಹಾಗೆ ಸುತ್ತಿಕೊಂಡಿದ್ದವು. ಫಾರ್ಮಲಿನ್ ಅದೇ, ಬಣ್ಣ ಹಾಕುವ ಕ್ರಮವೂ ಅದೇ. ನೋಡುತ್ತಾ ಕೂತವಳಿಗೆ ಒಂದು ಕ್ಷಣ, ಮಾದರಿ ಚೆನ್ನಾಗಿ ಕೊಯ್ದಿದ್ದಾರೆ ಎನಿಸಿತು. ಎದ್ದು ಹೊರಗೆ ಬಂದುಬಿಟ್ಟೆ.

ಅತ್ತೆಯ ಮೇಲೆ ಹಲ್ಲು ಕಡಿಯುತ್ತಲೇ ನಿನ್ನ ಮನೆಗೆ ಬಂದಿದ್ದೆ. ಆದರೆ ಬೈಗುಳಕ್ಕಾದರೂ ಮಗುವಿನ ಕಣ್ಣನ್ನು ನೋಡಿದವರು ಆ ಮನೆಯಲ್ಲಿ ಅವರೊಬ್ಬರೇ. ಅವರು ಕಂಡದ್ದನ್ನು ಹೇಳಿದರು, ನಾನು ಸುಳ್ಳು ಎಂದು ಸಾಬೀತು ಮಾಡಿದೆ. ಅವರಿಗೆ ಏನು ಹೇಳಲಿ?

ಒಂದು ಮಾತ್ರ ತಿಳಿಯಲಿಲ್ಲ. ನಾನು ಒಳಗೆ ಬಂದ ಕೂಡಲೇ ಅಮ್ಮು ಎಡಗಣ್ಣಿಗೆ ಎರಡೂ ಕೈ ಮುಚ್ಚಿಕೊಂಡು ಅಜ್ಜಿಯ ಸೆರಗಿನ ಹಿಂದೆ ಸೇರಿದಳು. ನೋವೇನವ್ವಾ ಎಂದರೆ ಇಲ್ಲ ಎಂದು ತಲೆಯಾಡಿಸಿದಳು. ಎರಡು ದಿನವೂ ಕೈ ತೆಗೆಯಲಿಲ್ಲ. ಬೇರೆಯವರ ಮುಂದೆ ತೆಗೆಯುತ್ತಾಳೆ, ನನ್ನ ಮುಂದೆ ಇಲ್ಲ. ಅವಳಿಗೆ ಯಾರು ಏನು ಹೇಳಿಕೊಟ್ಟಿದ್ದೀರಿ? ನಿಜ ಬರೆ. ಕೋರ್ಟಿಗಾಗಿ ಕೇಳುತ್ತಿಲ್ಲ, ನನಗಾಗಿ ಕೇಳುತ್ತಿದ್ದೇನೆ.

ಪ್ರಜ್ಞಾ


ಅಜ್ಜಂಪುರ
9 ಮಾರ್ಚ್ 2025

ಪ್ರಜ್ಞಾ,

ಶನಿವಾರ ಬೆಳಗಿನ ಬಸ್ಸಿಗೆ ಅಮ್ಮುವನ್ನು ತರೀಕೆರೆಗೆ ಕರೆದುಕೊಂಡು ಬರುತ್ತೇನೆ. ಎಷ್ಟು ದಿನ ಬೇಕಾದರೂ ಇಟ್ಟುಕೋ, ಲೆಕ್ಕ ಕೇಳುವುದಿಲ್ಲ. ಕಳೆದ ವಾರ ಬೆಂಗಳೂರಿನಲ್ಲಿ ಕೃತಕ ಕಣ್ಣು ಹಾಕಿದ್ದಾರೆ. ಬಲಗಣ್ಣಿನ ಬಣ್ಣಕ್ಕೆ ಹೊಂದಿಸಿದ್ದಾರೆ, ತಟ್ಟನೆ ನೋಡಿದರೆ ಗೊತ್ತಾಗುವುದಿಲ್ಲ. ತೊಳೆಯುವುದು ಹೇಗೆಂದು ತೋರಿಸಿಕೊಡುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ. ಅವ್ವನನ್ನು ಕೇಳಿದೆ. ಒಲೆಯ ಮುಂದೆ ಕೂತು ಅಳುತ್ತಾ ಹೇಳಿದಳು. ಅಮ್ಮ ಯಾಕೆ ಹೋದಳು ಎಂದು ಅಮ್ಮು ದಿನಾ ಪೀಡಿಸುತ್ತಿದ್ದಳಂತೆ. ಒಂದು ದಿನ ಬೇಸತ್ತು ಅವ್ವ, "ತೋಳಗಣ್ಣೋರು ಮನೇಲಿ ನಿಲ್ಲಲ್ಲ ಕಣವ್ವ, ನಿಮ್ಮಮ್ಮಂದು ತೋಳಗಣ್ಣು, ಅದ್ಕೇ ಹೋದ್ಳು" ಎಂದಿದ್ದಾಳೆ. ಅದಾದ ಮೇಲೇ ಕರೆಂಟು ಹೋದ ದಿನ ಟಾರ್ಚಿನ ಬೆಳಕಿನಲ್ಲಿ ಮಗುವಿನ ಕಣ್ಣು ನೋಡಿ, "ನಿಂಗೂ ಬಂತಲ್ಲೇ ನಿಮ್ಮಮ್ಮನ ತೋಳಗಣ್ಣು" ಎಂದಳು. ಅಮ್ಮು ಕೇಳಿಸಿಕೊಂಡಳು.

ಅದು ಆಟವಾಗಿರಲಿಲ್ಲ, ಪ್ರಜ್ಞಾ. ತನ್ನನ್ನೂ ಮನೆಯಿಂದ ಕಳಿಸಿಬಿಡುತ್ತೇವೆ ಎಂದು ಮಗು ಕಣ್ಣು ಮುಚ್ಚಿಕೊಂಡು ಓಡಾಡುತ್ತಿತ್ತು. ನಾನು ಟಾರ್ಚ್ ಹಿಡಿದರೆ ಮಂಚದ ಕೆಳಗೆ ನುಗ್ಗುತ್ತಿದ್ದದ್ದು ಅದಕ್ಕೇ. ಕೋತಿಬುದ್ಧಿ ಎಂದು ನಾನು ನಿನಗೆ ಬರೆದೆ. ನೀನು ಬಂದಾಗ ಕರೆದುಕೊಂಡು ಹೋಗಲೆಂದೇ ಬಂದಿದ್ದೀಯ ಎಂದುಕೊಂಡು ಮುಚ್ಚಿಕೊಂಡಿದ್ದಾಳೆ.

ಹೊಸ ಕಣ್ಣು ಹಾಕಿಸಿಕೊಂಡು ಬಂದ ಸಂಜೆ ಅವಳೇ ನನ್ನ ಬ್ಯಾಗಿನಿಂದ ಟಾರ್ಚ್ ತಂದುಕೊಟ್ಟಳು. "ಲೈಟ್ ಬುಡಪ್ಪಾ, ನೋಡು" ಎಂದು ಮುಖ ಎತ್ತಿ ನಿಂತಳು. ಕಣ್ಣಿಗೆ ಬೆಳಕು ಬಿಟ್ಟೆ.

"ಹೊಳೀತದಾ?" ಅಂದಳು.

"ಇಲ್ಲ ಕಣವ್ವ."

"ಹಂಗಾರೆ ನನ್ನ ಕಳ್ಸಲ್ಲ ಅಲ್ವಾ?"

"ಕಳ್ಸಲ್ಲ ಕಣವ್ವ."

ಅವಳಿಗೆ ಸಮಾಧಾನವಾಯಿತು. ಟಾರ್ಚ್ ಇಸಿದುಕೊಂಡು ಆರಿಸಿದಳು. ಆಮೇಲೆ ಏನೋ ಹೊಳೆದವಳ ಹಾಗೆ ನನ್ನ ಅಂಗಿ ಹಿಡಿದು ಎಳೆದಳು. "ಅಪ್ಪಾ, ಆ ಡಾಕ್ಟ್ರಮ್ಮಂಗೆ ಹೇಳಿ ಅಮ್ಮಂದೂ ತೆಗ್ಸುಬುಡಾನಾ? ಆಗ ಅಮ್ಮಾನೂ ಮನೇಲೇ ಇರ್ತಾಳೆ."

ಶನಿವಾರ ಅವಳು ನಿನ್ನನ್ನೇ ಕೇಳುತ್ತಾಳೆ. ಏನು ಹೇಳಬೇಕೆಂದು ಈಗಲೇ ಯೋಚಿಸಿಟ್ಟುಕೊಂಡಿರು.

ಕಾಂತು